ಮಾತ್ರೆಯ ಕೋಪ, ಸ್ವಂತ ಕೋಪ

ಹೆಂಡತಿ: ತಿಂಡಿ ಚೆನ್ನಾಗಿದೆ ಅಂತ ಯಾಕಂದ್ರಿ? ಸುತ್ತಿ ಬಳಸದೆ ಹೇಳಿ.

ಗಂಡ: ಚೆನ್ನಾಗಿತ್ತು, ಅಂದೆ. ಹೆಂಡತಿ ಅಡುಗೆ ಹೊಗಳೋದೂ ತಪ್ಪಾ?

ಹೆಂಡತಿ: ಉಪ್ಪು ಹದವಾಗಿದೆ ಅಂತಾನೂ ಅಂದ್ರಿ.

ಗಂಡ: ಹದವಾಗೇ ಇತ್ತು.

ಹೆಂಡತಿ: ನಾನು ಉಪ್ಪೇ ಹಾಕಿರ್ಲಿಲ್ಲ.

ಗಂಡ ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಿದುಳಿನ ಗಡ್ಡೆ ತೆಗೆಸಿಕೊಂಡ ಮೇಲೆ, ಫಿಟ್ಸ್ ಬಾರದಿರಲೆಂದು ಅವನಿಗೆ ಬೆಳಗ್ಗೆ, ಸಂಜೆ ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ಫಿಟ್ಸನ್ನೇನೋ ತಡೆಯಿತು, ಆದರೆ ಕೋಪವನ್ನು ತಂದು ಮೂಗಿನ ತುದಿಯಲ್ಲಿ ಕೂರಿಸಿತು. ಹುಟ್ಟಾ ಸಾಧು ಮನುಷ್ಯ ಈಗ ಚಮಚ ಬಿದ್ದರೂ ಸಿಡಿಯುತ್ತಾನೆ.

ಗಂಡ: ಬೇಕಂತ ಉಪ್ಪು ಬಿಟ್ಯಾ? ಇದೆಂಥಾ ಪರೀಕ್ಷೆ?

ಹೆಂಡತಿ: ನಿನ್ನೆ ಸಂಜೆಯಿಂದ ಒಂದು ಸಲಾನೂ ಗದರಿಲ್ಲ ನೀವು. ಪಕ್ಕದ ಮನೆಯವ್ರು ಗೋಡೆಗೆ ಮೊಳೆ ಹೊಡೆದ್ರೂ ನಗ್ತಾ ಕೂತಿದ್ರಿ. ನನಗೆ ಕೈಕಾಲೇ ಆಡ್ಲಿಲ್ಲ.

ಗಂಡ: ನಾನು ಮಾತ್ರೆ ತಗೊಂಡಿದೀನಿ.

ಹೆಂಡತಿ: ಮಾತ್ರೆ ಮಾತು ನಾನೆತ್ತಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ.

ಗಂಡ ಹೆಗಲು ಮುಟ್ಟಿಕೊಳ್ಳಲಿಲ್ಲ, ಗೋಡೆ ಗಡಿಯಾರದ ಕಡೆ ನೋಡಿದ. ಅದು ಇನ್ನೂ ದೊಡ್ಡ ತಪ್ಪಾಯಿತು.

ಹೆಂಡತಿ: ಅದ್ಯಾಕೆ ನಿಂತಿದೆ? ಮೊನ್ನೆ ತಾನೆ ರಿಪೇರಿ ಮುಗೀತು, ಇನ್ನು ಹತ್ತು ವರ್ಷ ಓಡತ್ತೆ ಅಂದಿದ್ರಿ.

ಗಂಡ: ಹಳೇ ಗಡಿಯಾರ. ಸ್ವಲ್ಪ ಹಟ ಜಾಸ್ತಿ.

ಅವಳು ಗಡಿಯಾರದ ಗಾಜಿನ ಬಾಗಿಲು ತೆಗೆದಳು. ಲೋಲಕದ ಅಡಿಯಲ್ಲಿ ಮೂರು ಬಿಳಿ ಮಾತ್ರೆಗಳು ಸಿಕ್ಕಿಕೊಂಡಿದ್ದವು.

ಹೆಂಡತಿ: ನಿಮ್ಮ ಬದಲು ಇದು ನುಂಗ್ತಿದೆ. ಪಾಪ, ಅದಕ್ಕೇ ಉಸಿರು ಕಟ್ಟಿದೆ.

ಗಂಡ: ನೋಡು, ಮೊನ್ನೆ ಲೋಟ ಜಾರಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದೆ. ನೀನು ಗೋಡೆ ಕಡೆ ತಿರುಗಿ ಕಣ್ಣೊರಸಿಕೊಂಡೆ. ಅದನ್ನ ನೋಡಿ ನನಗೆ ಸಂಕಟ ಆಯ್ತು ಕಣೇ. ಇಂಥ ಮಾತ್ರೆ ಯಾಕೆ ಬೇಕು?

ಹೆಂಡತಿ: ಇಲಿ ಕಾಟಕ್ಕೆ ಮನೆಗೇ ಬೆಂಕಿ ಇಡ್ತಾರೇನ್ರೀ? ಆಪರೇಷನ್‌ಗೆ ಮುಂಚೆ ಅವತ್ತು ರಿಪೇರಿ ಮೇಜಿನ ಹತ್ತಿರ ಬಿದ್ದು ಒದ್ದಾಡಿದ್ರಲ್ಲ, ಮಗ್ಗುಲಿಗೆ ತಿರುಗಿಸಿ ಮಲಗಿಸ್ಕೊಂಡು ಎಷ್ಟು ಕರೆದರೂ ನಿಮಗೆ ಕೇಳ್ಲಿಲ್ಲ. ಎಚ್ಚರ ಆಗಿ, "ನನ್ನ ಚಿಮಟ ಎಲ್ಲಿಟ್ಟೆ" ಅಂತ ಎಂದೂ ಇಲ್ಲದ ಹಾಗೆ ಗದರಿದ್ರಿ ನೋಡಿ, ಆಗ ನನಗೆ ಹೋದ ಜೀವ ಬಂತು. ಬೈಯೋ ಗಂಡನ್ನ ನಾನು ಸಂಭಾಳಿಸ್ತೀನಿ. ನೆಲದ ಮೇಲೆ ಬಿದ್ದಿರೋ ಗಂಡನ್ನ ಇನ್ನೊಂದು ಸಲ ನೋಡೋಕೆ ನನ್ನ ಕೈಲಾಗಲ್ಲ.

ಗಂಡ ಲೋಲಕದ ಅಡಿಯ ಮಾತ್ರೆಗಳನ್ನು ಒಂದೊಂದಾಗಿ ಆರಿಸಿ ತೆಗೆದ. ಅವಳು ಅಷ್ಟರಲ್ಲಿ ಡಾಕ್ಟರಿಗೆ ಫೋನ್ ಮಾಡಿ, ಗಡಿಯಾರದ ಸಮೇತ ಎಲ್ಲ ಹೇಳಿಬಿಟ್ಟಳು.

ಗಂಡ: ಏನಂದ್ರು?

ಹೆಂಡತಿ: ಮೊದಲು ನಕ್ಕರು, ಆಮೇಲೆ ಬೈದ್ರು. ಇವತ್ತು ಬೆಳಗ್ಗಿಂದು ಈಗ್ಲೇ ಕೊಡಿ, ತಪ್ಪಿದ್ದನ್ನೆಲ್ಲ ಒಟ್ಟಿಗೆ ಕೊಡಬೇಡಿ ಅಂದ್ರು. ನಾಳೆ ಬರಬೇಕಂತೆ. ಕೋಪ ತರಿಸದ ಬೇರೆ ಮಾತ್ರೆ ಇದ್ಯಂತೆ, ನಿಧಾನಕ್ಕೆ ಬದಲಾಯಿಸ್ತಾರಂತೆ. ನೀವಾಗೇ ನಿಲ್ಲಿಸಿದ್ರೆ ಮಾತ್ರ ಅಪಾಯವಂತೆ.

ಗಂಡ: ಇದನ್ನ ಮೊದಲೇ ಕೇಳಬಹುದಿತ್ತಲ್ಲ?

ಹೆಂಡತಿ: ಕೇಳೋಕೆ ಬಾಯಿ ಇತ್ತು ನಿಮಗೆ. ಅದನ್ನ ಬೈಯೋದಕ್ಕೆ ಇಟ್ಕೊಂಡಿದ್ರಿ.

ಅವನು ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಿದ. ಅವಳು ಬಗ್ಗಿ ನೋಡಿದಳು, ನಾಲಿಗೆ ಎತ್ತಿಸಿಯೂ ನೋಡಿದಳು.

ಗಂಡ: ಇನ್ನೊಂದು ಮಾತು. ಆ ತಿಂಡಿ ಬಾಯಿಗಿಡೋಕಾಗ್ತಿರ್ಲಿಲ್ಲ. ಉಪ್ಪಿನ ಮಾತು ಬಿಡು, ತಳಾನೂ ಹಿಡಿದಿತ್ತು.

ಹೆಂಡತಿ: ಇದು ಮಾತ್ರೆ ಕೋಪಾನೋ, ನಿಮ್ಮ ಸ್ವಂತದ್ದೋ?

ಗಂಡ: ನನ್ನ ಸ್ವಂತದ್ದೇ. ಮಾತ್ರೆ ಇನ್ನೂ ಗಂಟಲು ದಾಟಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಹೆಂಡತಿ: ಸದ್ಯ. ಮಾತ್ರೆ ಬೈತಿದೆ ಅಂತ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಸ್ವಂತದ್ದು ಅಂತ ನೀವೇ ಒಪ್ಪಿದ್ರಲ್ಲ, ಈಗ ಕೇಳಿಸ್ಕೊಳ್ಳಿ.