ಟ್ರಾನ್ಸ್‌ಫಾರ್ಮರಿಗೆ ಬಿರಡೆ ಇಲ್ಲ

ಸಂಗೀತ ಕಲಿಸುವವರ ಬದುಕಿನಲ್ಲಿ ಅಪಸ್ವರ ಬರುವುದು ಸಹಜ. ನನ್ನ ಬದುಕಿಗೆ ಮಾತ್ರ ಅದು ಲಗೇಜ್ ಆಟೋದಲ್ಲಿ ಬರುತ್ತದೆ.

ದೊಡ್ಡ ಪಿಟೀಲು

ಆಂಧ್ರಕ್ಕೆ ಸೇರಿದ ರಾಯದುರ್ಗದ ಅಂಚಿನ ಖಾಸಗಿ ಶಾಲೆಯೊಂದರಲ್ಲಿ ನಾನು ಸಂಗೀತದ ಟೀಚರು. ಅಲ್ಲಿದ್ದ ಒಂದೇ ಹಾರ್ಮೋನಿಯಮ್ಮಿನ ತಿದಿಯನ್ನು ಇಲಿಗಳು ತಿಂದು ಮುಗಿಸಿದ್ದವು. ಹೊಸದು ಕೊಡಿಸಿ ಎಂದದ್ದಕ್ಕೆ ನಮ್ಮ ಕರೆಸ್ಪಾಂಡೆಂಟರು, ಅಂದರೆ ಶಾಲೆ ನಡೆಸುವವರು, ಬಳ್ಳಾರಿಯ ಸ್ನೇಹಿತರ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಡಬಲ್ ಬಾಸ್ ತರಿಸಿದರು. ನೋಡಲು ಪಿಟೀಲೇ, ಆದರೆ ನನಗಿಂತ ಎತ್ತರ. ನಿಲ್ಲಿಸಿಕೊಂಡು, ಹೆಚ್ಚುಕಡಿಮೆ ತಬ್ಬಿಕೊಂಡೇ ನುಡಿಸಬೇಕು. ಕಂಬಳಿ ಹೊದ್ದು ಆಟೋದಲ್ಲಿ ಬಂದ ಅದಕ್ಕೆ ವಾಚ್‌ಮನ್ ಎದ್ದು ನಿಂತು ನಮಸ್ಕಾರ ಮಾಡಿದ.

"ನೋಡ್ರಿ ಮೇಡಂ," ಎಂದರು ಕರೆಸ್ಪಾಂಡೆಂಟರು, "ಸ್ಕೂಲ್ ಡೇ ದಿನ ಇದು ನುಡೀಬೇಕು, ಹುಡುಗ್ರು ಹಾಡ್ಬೇಕು. ಇಲ್ಲಾಂದ್ರ ಮುಂದಿನ ವರ್ಷ ಮ್ಯೂಸಿಕ್ ಪೀರಿಯಡ್ ತಗದು ಮ್ಯಾಥ್ಸ್ ಹಾಕ್ತೀನಿ."

"ನನಗೆ ಬರೋದು ಪಿಟೀಲು ಸರ್, ಇದಲ್ಲ."

"ಸಣ್ಣದು ಬರ್ತದಂದ್ರ ದೊಡ್ಡದು ಇನ್ನೂ ಸಲೀಸಲ್ಲೇನ್ರಿ? ಎಲ್ಲಾ ದೊಡ್ಡದಾಗೇ ಕಾಣ್ತದ."

ಎಷ್ಟು ತಿಂಗಳು

ಅದರ ದಪ್ಪ ತಂತಿ ಮೀಟಿದರೆ ಸ್ವರ ಕಿವಿಗೆ ಬರುವುದಿಲ್ಲ, ನೇರ ಹೊಟ್ಟೆಗೆ ಇಳಿಯುತ್ತದೆ. ಸರಿಯಾಗಿ ಶ್ರುತಿ ಮಾಡಬೇಕೆಂದರೆ ಮರಕ್ಕೆ ಕಿವಿ ಆನಿಸಲೇಬೇಕು. ರಜೆಯಲ್ಲಿ ಮನೆಗೆ ತಂದು, ಮೊಬೈಲಿನಲ್ಲಿ ತಂಬೂರಿ ದನಿ ಹಾಕಿಕೊಂಡು, ಅದರ ಉಬ್ಬಿದ ಹೊಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದೆ. ಅದೇ ಹೊತ್ತಿಗೆ ಮಡಕಶಿರಾದಿಂದ ಅಮ್ಮ ಬಂದಳು. ಚೀಲ ಬಾಗಿಲಲ್ಲೇ ಇಟ್ಟು ಒಂದಷ್ಟು ಹೊತ್ತು ನೋಡಿದಳು.

"ಎಷ್ಟು ತಿಂಗ್ಳಮ್ಮಿ?"

"ಅಮ್ಮಾ, ಶ್ರುತಿ ಮಾಡ್ತಿದೀನಿ."

"ಮಾಡು ಮಾಡು. ಮಗ ಮಿಸುಕಾಡ್ತೈತಾ ಅದನ್ನ ಮೊದ್ಲು ಹೇಳು."

ಸಂಜೆ ಅಪ್ಪನಿಗೆ ಫೋನಿನಲ್ಲಿ ವರದಿ ಹೋಯಿತು: "ಮಗಳು ಚೆನ್ನಾಗವ್ಳೆ. ಅವಳ ಜೊತೇಲಿರೋ ಆ ಬಸುರೀಗೇ ಯಾಕೋ ಹುಷಾರಿಲ್ಲ."

ಕಿಟಕಿಯ ಗುರುಗಳು

ಶಾಲೆಯ ಸಂಗೀತದ ಕೋಣೆಯ ಕಿಟಕಿಗೆ ಆತುಕೊಂಡೇ ಒಂದು ಟ್ರಾನ್ಸ್‌ಫಾರ್ಮರ್ ಇದೆ, ಹಿಂದಿನ ಹೊಲಗಳ ಬೋರುಗಳಿಗೆ. ಕರೆಂಟ್ ಇರುವಷ್ಟು ಹೊತ್ತೂ ಗುಂಯ್ ಎನ್ನುತ್ತದೆ. ನಾನು ಅಷ್ಟು ಕಷ್ಟಪಟ್ಟು ಕೂಡಿಸಿದ ತಂತಿಗೂ ಅದರ ಗುಂಯ್‌ಗೂ ಕೂದಲೆಳೆಯಷ್ಟೇ ವ್ಯತ್ಯಾಸ. ಎರಡೂ ಸೇರಿದಾಗ ವೊಂಯ್ ವೊಂಯ್ ಎಂದು ಅಲೆ ಎದ್ದು, ಮಕ್ಕಳ ತಲೆಗಳೂ ಅದರ ಜೊತೆ ಓಲಾಡತೊಡಗಿದವು.

ಇಬ್ಬರಲ್ಲಿ ಒಬ್ಬರು ಸೋಲಬೇಕಿತ್ತು. ಟ್ರಾನ್ಸ್‌ಫಾರ್ಮರಿಗೆ ತಿರುವಲು ಬಿರಡೆ ಇಲ್ಲ. ನಾನೇ ನನ್ನ ತಂತಿಯ ಬಿರಡೆ ತಿರುವಿದೆ. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಅಲ್ಲಿಂದ ಮುಂದೆ ಮಕ್ಕಳಿಗೆ ನನ್ನ ಅಗತ್ಯವೇ ಉಳಿಯಲಿಲ್ಲ. ಹಾಡುವ ಮುಂಚೆ ಕಿಟಕಿಯ ಕಡೆ ತಿರುಗಿ, ಶ್ರುತಿ ತೆಗೆದುಕೊಂಡು, ಶುರು ಮಾಡುತ್ತಿದ್ದರು.

ಮ್ಯಾಥ್ಸ್ ಮೇಷ್ಟ್ರು ಒಮ್ಮೆ ನಿಂತು ಕೇಳಿದರು: "ಹುಡುಗ್ರು ಯಾಕ್ರಿ ಮೇಡಂ ಕರೆಂಟ್ ಕಂಬಕ್ಕ ಮುಖ ಮಾಡ್ತಾವ?"

"ಗುರುಗಳು ಅಲ್ಲಿದ್ದಾರೆ ಸರ್."

ಸ್ಕೂಲ್ ಡೇ

ಹೊಲದ ಲೈನಿಗೆ ಕರೆಂಟ್ ಕೊಡುವುದು ಹಗಲು. ನಮ್ಮ ಪ್ರಾಕ್ಟೀಸ್ ಎಲ್ಲ ಹಗಲು. ಸ್ಕೂಲ್ ಡೇ ಸಂಜೆ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಬುದ್ಧಿ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ವೇದಿಕೆ ಹಿತ್ತಲಲ್ಲಿ, ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ. ದೀಪ, ಮೈಕು ಊರಿನ ಲೈನಿನಲ್ಲಿ ನಡೆಯುತ್ತಿದ್ದವು. ಡಬಲ್ ಬಾಸನ್ನು ಹೊತ್ತು ತರುವಾಗ ಬಾಗಿಲಿಗೆ ತಗುಲಿ ತಂತಿಗಳು ಸಡಿಲವಾಗಿದ್ದವು. ನಾನು ಕೈಸನ್ನೆ ಮಾಡಿದೆ. ಮಕ್ಕಳು ಟ್ರಾನ್ಸ್‌ಫಾರ್ಮರಿನ ಕಡೆ ತಿರುಗಿದರು. ಅದು ಸುಮ್ಮನಿತ್ತು.

"ಮಿಸ್, ಇನ್ನೂ ಬಂದಿಲ್ಲ," ಎಂದಳು ಮುಂದಿನ ಸಾಲಿನ ಹುಡುಗಿ.

ನಾನೇ ಬಾಯಲ್ಲಿ ಶ್ರುತಿ ಕೊಟ್ಟೆ. ಒಬ್ಬೊಬ್ಬರು ಒಂದೊಂದು ಕಡೆಯಿಂದ ಹೊರಟರು. ಕರೆಸ್ಪಾಂಡೆಂಟರು ಮ್ಯಾಥ್ಸ್ ಮೇಷ್ಟ್ರ ಕಡೆ ನೋಡಿದರು. ಮ್ಯಾಥ್ಸ್ ಮೇಷ್ಟ್ರು ಕಾಲರ್ ಸರಿಮಾಡಿಕೊಂಡರು.

ನಾನು ವೇದಿಕೆಯಿಂದ ಇಳಿದು ಓಡಿದೆ. "ಸರ್, ಹೊಲದ ಲೈನಿಗೆ ಕರೆಂಟ್ ಬೇಕು."

"ಲೈಟ್ ಐತಲ್ರಿ?"

"ಲೈಟಿಗಲ್ಲ ಸರ್, ಶ್ರುತಿಗೆ."

ಅವರು ನನ್ನನ್ನು ನೋಡಿದರು, ಮುಖ್ಯ ಅತಿಥಿಗಳನ್ನು ನೋಡಿದರು. ಆಮೇಲೆ ಸಬ್‌ಸ್ಟೇಷನ್ನಿನ ಪರಿಚಯದವರಿಗೆ ಫೋನ್ ಹಚ್ಚಿ, ಒಂದೇ ಒಂದು ಹಾಡಿನಷ್ಟು ಹೊತ್ತು ತ್ರೀ ಫೇಸ್ ಕೊಡಿ ಎಂದು ತೆಲುಗಿನಲ್ಲಿ ಬೇಡಿಕೊಂಡರು: "ಒಕ್ಕ ಪಾಟ ಅನ್ನಾ, ಒಕ್ಕಟೇ ಪಾಟ!"

ಗುಂಯ್ ಎಂದಿತು. ನಾನು ಬಿರಡೆ ತಿರುವಿದೆ. ಅಲೆ ನಿಂತಿತು. ಮಕ್ಕಳೆಲ್ಲ ಒಂದೇ ಸ್ವರದಲ್ಲಿ ಬಾಯಿ ತೆರೆದರು. ಅಷ್ಟು ಶುದ್ಧವಾದ ಶ್ರುತಿಯನ್ನು ನಾನು ಕಛೇರಿಗಳಲ್ಲೂ ಕೇಳಿಲ್ಲ.

ಅದೇ ಕ್ಷಣಕ್ಕೆ ಹಿಂದಿನ ಹೊಲಗಳಲ್ಲಿ, ಕರೆಂಟ್ ಬಂದೊಡನೆ ತಾವೇ ಚಾಲೂ ಆಗುವ ಆಟೋ ಸ್ಟಾರ್ಟರುಗಳು ಒಂದರ ಹಿಂದೊಂದು ಹಿಡಿದು ಬೋರಿನ ಮೋಟರುಗಳು ಎದ್ದವು. ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತ. "ಏ, ನೀರು ಬಂತಲೇ!" ಪಲ್ಲವಿ ಮುಗಿಯುವಷ್ಟರಲ್ಲಿ ಗಂಡಸರೆಲ್ಲ ನೀರು ಹಾಯಿಸಲು ಹೊಲಕ್ಕೆ ಓಡಿ, ಅವರ ಕಡೆಯ ಕುರ್ಚಿಗಳೆಲ್ಲ ಖಾಲಿ. ಉಳಿದವರು ಮುಖ್ಯ ಅತಿಥಿಗಳು, ಕರೆಸ್ಪಾಂಡೆಂಟರು ಮತ್ತು ಮ್ಯಾಥ್ಸ್ ಮೇಷ್ಟ್ರು.

ಮರುದಿನ ಆ ತಂದೆಯರೆಲ್ಲ ಗುಂಪಾಗಿ ಶಾಲೆಗೆ ಬಂದು, ಮಕ್ಕಳಿಗೆ ಸಂಗೀತ ಇರಲೇಬೇಕು, ಅದೂ ಸಂಜೆ ಹೊತ್ತು ಇದ್ದರೆ ಒಳ್ಳೆಯದು ಎಂದು ಪಟ್ಟು ಹಿಡಿದರು. ಪೀರಿಯಡ್ ಉಳಿಯಿತು. ಹೊರಡುವಾಗ ಒಬ್ಬರು, ಮೊಣಕಾಲವರೆಗೆ ಕೆಸರು, ನನ್ನ ಹತ್ತಿರ ಬಂದು ಕೈ ಮುಗಿದರು.

"ಮೇಡಂ, ನಿನ್ನಿ ಹಾಡು ಭಾಳ ಛಲೋ ಇತ್ರಿ. ಆದ್ರ ಸಣ್ಣದಾತು. ನಮ್ಮ ಹೊಲದಾಗ ಇನ್ನೆರಡು ಮಡಿ ಒಣಾನೇ ಉಳದಾವ."