ಹೌದೆನ್ನುವ ಹಾಗಿಲ್ಲ, ಇಲ್ಲವೆನ್ನುವ ಹಾಗೂ ಇಲ್ಲ

ನನ್ನ ಕೋಣೆಯ ಬಾಗಿಲ ಹೊರಗೆ, ನೆಲದ ಮೇಲೆ, ತಟ್ಟೆ ಇಡ್ಲಿಯಷ್ಟು ಅಗಲದ ಬಿಳಿಯ ಯಂತ್ರವೊಂದಿದೆ. ಸ್ವಿಚ್ಚು ಹಾಕಿದರೆ ‘ಸುಯ್’ ಎನ್ನುತ್ತದೆ, ಅಷ್ಟೇ. ಒಳಗೆ ಆಡಿದ ಮಾತು ಹೊರಗೆ ಕೂತವರಿಗೆ ಕೇಳಿಸದಿರಲಿ ಎಂದು ಅದು ದಿನವಿಡೀ ಹಾಗೆ ನಿಟ್ಟುಸಿರು ಬಿಡುತ್ತಿರಬೇಕು. ಕೋಣೆ ನೋಡಲು ಬಂದ ಚಿಕ್ಕಮ್ಮ ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, “ಸೀಟಿ ಯಾವಾಗ ಹೊಡಿಯತ್ತೆ?” ಎಂದು ಕೇಳಿದರು.

ಕುಕ್ಕರ್ ಅಲ್ಲದ ಆ ಯಂತ್ರದ ಒಡತಿ ನಾನು. ಪುಸ್ತಕದ ಭಾಷೆಯಲ್ಲಿ ಆಪ್ತಸಮಾಲೋಚಕಿ, ಅಮೆರಿಕದ ಸ್ಯಾನ್ ಹೊಸೆಯ ಕನ್ನಡಿಗರ ಬಾಯಲ್ಲಿ ‘ಆ ಕೌನ್ಸಿಲರ್ ಹುಡುಗಿ’. ಓದು ಮುಗಿಸಿ, ವರ್ಷಗಟ್ಟಲೆ ಇನ್ನೊಬ್ಬರ ಕೈಕೆಳಗೆ ದುಡಿದು, ಪರೀಕ್ಷೆ ಬರೆದು, ಸರ್ಕಾರದ ಪರವಾನಗಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಈ ವರ್ಷ ಸ್ವಂತ ಕೋಣೆ ತೆರೆದೆ. ಕೆಳಗಿನ ಮಹಡಿಯಲ್ಲಿ ದಂತವೈದ್ಯರಿದ್ದಾರೆ, ಪಕ್ಕದಲ್ಲಿ ತೆರಿಗೆ ಲೆಕ್ಕ ಬರೆದುಕೊಡುವವರು. ಮೂವರ ಬಾಗಿಲಿಗೂ ಬರುವವರ ಮುಖ ಹೆಚ್ಚುಕಡಿಮೆ ಒಂದೇ ತರಹ ಇರುವುದರಿಂದ, ಮೆಟ್ಟಿಲ ಮೇಲೆ ಸಿಕ್ಕವರು ಯಾರ ಗಿರಾಕಿ ಎಂದು ಯಾರಿಗೂ ಹೊಳೆಯುವುದಿಲ್ಲ. ಈ ಕಟ್ಟಡವನ್ನು ನಾನು ಆರಿಸಿಕೊಂಡದ್ದು ಅದಕ್ಕಾಗಿಯೇ.

ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ಚಿಕ್ಕಂದಿನಲ್ಲಿ ಮೈಸೂರಿನ ಮನೆಯಲ್ಲಿ, ಶಾಲೆಯಲ್ಲಿ ಏನಾಯಿತೆಂದು ಕೇಳಿದರೆ ‘ಪಾಠ’ ಎನ್ನುತ್ತಿದ್ದೆನಂತೆ. ಈ ಹುಡುಗಿಯ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಪೊಲೀಸರೇ ಬರಬೇಕು ಎಂದು ಅಜ್ಜಿ ಗೊಣಗುತ್ತಿದ್ದರು. ಈ ದೋಷವನ್ನೇ ಗುಣವೆಂದು ಕರೆದು ಸಂಬಳ ಕೊಡುವ ಕಸುಬೊಂದು ಪ್ರಪಂಚದಲ್ಲಿದೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ನನಗೆ ಕೆಲಸ ಕಲಿಸಿದ ಅಮೆರಿಕನ್ ಹೆಂಗಸು ಮೊದಲ ವಾರವೇ ಒಂದು ನಿಯಮ ಹೇಳಿಕೊಟ್ಟಿದ್ದರು. ಇಂಥವರು ನಿನ್ನ ಬಳಿ ಬರುತ್ತಾರೆಯೇ ಎಂದು ಯಾರು ಕೇಳಿದರೂ ಹೌದೆನ್ನಬೇಡ. ಇಲ್ಲವೆನ್ನಲೂಬೇಡ. ಹೌದೆನ್ನಬಾರದೆಂಬುದು ನನಗೆ ತಕ್ಷಣ ಅರ್ಥವಾಯಿತು. ಆದರೆ ಬಾರದವರ ವಿಷಯದಲ್ಲಿ ಇಲ್ಲವೆಂದರೆ ಏನು ನಷ್ಟ? ಅವರು ನಕ್ಕರು. ಒಬ್ಬರ ಬಗ್ಗೆ ಇಲ್ಲವೆಂದು ಹೇಳಿಬಿಟ್ಟರೆ, ನಾಳೆ ಇನ್ನೊಬ್ಬರ ಬಗ್ಗೆ ನೀನು ಸುಮ್ಮನಾದಾಗ ಆ ಮೌನವೇ ಹೌದಾಗುತ್ತದೆ. ಆದ್ದರಿಂದ ಎಲ್ಲರಿಗೂ, ಎಲ್ಲರ ಬಗ್ಗೆಯೂ, ಯಾವಾಗಲೂ ಒಂದೇ ಉತ್ತರ. ಗಣಿತದಂತೆ ಶುದ್ಧವಾಗಿದೆ ಎಂದುಕೊಂಡೆ. ಆಗ ನಾನಿನ್ನೂ ಸ್ಯಾನ್ ಹೊಸೆಯ ಕನ್ನಡಿಗರ ನಡುವೆ ಅಂಗಡಿ ತೆರೆದಿರಲಿಲ್ಲ.

ನಾನು ಬಾಡಿಗೆ ಕೊಟ್ಟು ಇರುವುದು ಚಿಕ್ಕಮ್ಮನ ಮನೆಯ ಮೇಲಿನ ಕೋಣೆಯಲ್ಲಿ. ಕೋಣೆಯ ಜೊತೆಗೆ ಪ್ರಚಾರವೂ ಉಚಿತವಾಗಿ ಬಂದಿತು. ದೇವಸ್ಥಾನದಲ್ಲಿ, ಗ್ರೋಸರಿ ಅಂಗಡಿಯ ಕರಿಬೇವಿನ ಮುಂದೆ, ಎಲ್ಲೆಂದರಲ್ಲಿ ಅವರು, “ನಮ್ಮ ಹುಡುಗಿ ಮನಸ್ಸಿನ ಡಾಕ್ಟ್ರು ಕಣ್ರೀ. ಡಾಕ್ಟ್ರಲ್ಲ, ಆದ್ರೂ ಫೀಸು ಹಾಗೇ ಇದೆ. ಕನ್ನಡದಲ್ಲೇ ಕೇಳಿಸ್ಕೋತಾಳೆ. ಇಂಗ್ಲಿಷಲ್ಲಿ ಅತ್ರೆ ಅತ್ತ ಹಾಗೇ ಆಗಲ್ಲ ನೋಡಿ” ಎಂದು ಹೇಳಿಕೊಂಡು ಬಂದರು. ಪರಿಣಾಮ ಬೇಗ ಕಾಣಿಸಿತು. ಹಬ್ಬದ ಊಟಕ್ಕೆ ಹೋದರೆ ನನ್ನ ಎಡಕ್ಕೊಂದು, ಬಲಕ್ಕೊಂದು ಕುರ್ಚಿ ಖಾಲಿ. ನನ್ನ ಜೊತೆ ಎರಡು ಮಾತಾಡಿದವರಿಗೆಲ್ಲ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಉಳಿದವರು ತೀರ್ಮಾನಿಸುತ್ತಿದ್ದರು. ಹತ್ತಿರ ಬರುತ್ತಿದ್ದವರು ಇನ್ನೊಬ್ಬರ ವಿಷಯ ಕೇಳುವವರು ಮಾತ್ರ. “ಆ ಕಾರ್ನರ್ ಮನೆ ಸೊಸೆ ಬರ್ತಾಳೇನಮ್ಮ? ಹೆಸರು ಬೇಡ, ಸುಮ್ನೆ ತಲೆ ಆಡಿಸು.” ನಾನು ‘ಹೌದೆನ್ನುವ ಹಾಗಿಲ್ಲ, ಇಲ್ಲವೆನ್ನುವ ಹಾಗೂ ಇಲ್ಲ’ ಎಂಬ ನನ್ನ ಒಂದೇ ವಾಕ್ಯವನ್ನು ಒಪ್ಪಿಸುತ್ತಿದ್ದೆ. ತಲೆಯನ್ನು ಯಾವ ದಿಕ್ಕಿಗೂ ಅಲ್ಲಾಡಿಸದೆ ಹಪ್ಪಳ ಅಗಿಯುವುದನ್ನೂ ಅಭ್ಯಾಸ ಮಾಡಿಕೊಂಡೆ.

ಅಷ್ಟರಲ್ಲಿ ಶ್ರೀಧರ್ ತೀರಿಕೊಂಡರು.

ಅವರ ಹೆಸರು ಶ್ರೀಧರ್ ಅಲ್ಲ. ಹೆಂಡತಿಯ ಹೆಸರನ್ನೂ, ಕೆಲಸವನ್ನೂ, ಸಾವಿನ ವಿವರವನ್ನೂ ಬದಲಿಸಿದ್ದೇನೆ. ಈ ಕಥೆಯಲ್ಲಿ ಮುಂದೆ ಬರುವ ಗುರುವಾರ ಕೂಡ ಗುರುವಾರವಲ್ಲ. ಮೆನ್ಲೋ ಪಾರ್ಕಿನ ಕಡೆ ಕೆಲಸದಲ್ಲಿದ್ದರು, ನಲವತ್ತು ದಾಟಿತ್ತು, ಹೃದಯ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಿಂತಿತು, ಇಷ್ಟು ಸಾಕು. ಅವರ ಮನೆಯವರು ಚಿಕ್ಕಮ್ಮನ ಪರಿಚಯದವರು. ನನಗೆ ಅವರ ಪರಿಚಯವಿತ್ತೇ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಚಿಕ್ಕಮ್ಮನ ಜೊತೆ ನಾನೂ ಹೋದೆ. ಅಲ್ಯೂಮಿನಿಯಂ ತಟ್ಟೆಗಳಲ್ಲಿ ಊಟ ಬಂದಿತ್ತು. ಶ್ರೀಧರ್ ಅವರ ಎಂಟು ವರ್ಷದ ಮಗಳು ಸೋಫಾದಲ್ಲಿ ಕೂತು, ತಲೆ ಸವರಿದವರಿಗೆಲ್ಲ “ಐ ಆಮ್ ಓಕೆ” ಎನ್ನುತ್ತಿದ್ದಳು. ಎಷ್ಟು ಜನ ಸವರಿದ್ದರೆಂದರೆ ಜಡೆ ಬಿಚ್ಚಿಹೋಗಿತ್ತು. ನಾನು ತಟ್ಟೆ ಹಿಡಿದು ಮೂಲೆ ಹುಡುಕುತ್ತಿದ್ದಾಗ ಶ್ರೀಧರ್ ಅವರ ಹೆಂಡತಿ ವೀಣಾ ಬಂದು ಮೊಣಕೈ ಹಿಡಿದರು. “ಒಂದ್ನಿಮಿಷ ಬನ್ನಿ” ಎಂದು ಗರಾಜಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಅಲ್ಲಿ ಅಕ್ಕಿ ಮೂಟೆಗಳು, ಗುರ್‌ ಎನ್ನುವ ಹಳೆಯ ಫ್ರಿಜ್ಜು, ಶ್ರೀಧರ್ ಅವರ ಕಾರು. ನಾವಿಬ್ಬರೂ ಕಾರಿಗೆ ಬೆನ್ನು ತಾಗದಂತೆ ನಿಂತೆವು.

“ಇವರ ಟೀಮಿನ ಹುಡುಗರು ಮೊನ್ನೆ ಬಂದಿದ್ರು,” ಎಂದರು ವೀಣಾ. “ಎಲ್ಲಾ ಒಳ್ಳೆ ಮಾತಾಡಿದ್ರು. ಅದ್ರಲ್ಲಿ ಒಬ್ಬ ಹೇಳ್ದ, ಎಷ್ಟೇ ಕೆಲಸ ಇದ್ರೂ ಗುರುವಾರ ನಾಲ್ಕು ಗಂಟೆಗೆ ಸರ್ ಹೊರಟುಬಿಡೋರು, ಫ್ಯಾಮಿಲಿ ಟೈಮು ಅನ್ನೋರು, ನಮಗೆಲ್ಲ ದೊಡ್ಡ ಇನ್‌ಸ್ಪಿರೇಷನ್ನು ಅಂತ.” ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಇನ್ನೊಮ್ಮೆ ನೋಡಿದರು. “ಗುರುವಾರ ಇವರು ಮನೆಗೆ ಬರ್ತಿದ್ದಿದ್ದು ಏಳೂವರೆಗೆ. ಮೀಟಿಂಗಿತ್ತು ಅನ್ನೋರು. ಫ್ಯಾಮಿಲಿ ಅಂದ್ರೆ ನಾನೇ ಅಲ್ವಾ? ನಾನು ಇಲ್ಲಿ ಸಾರು ಬಿಸಿ ಮಾಡ್ಕೊಂಡು ಕೂತಿರ್ತಿದ್ದೆ.”

ಸುಮ್ಮನಿರುವುದರಲ್ಲಿ ನನಗೆ ಪರವಾನಗಿಯೇ ಇದೆ.

“ನಿಮ್ಮ ಹತ್ರ ಬರ್ತಿದ್ರಾ? ಏನು ಮಾತಾಡಿದ್ರು ಅಂತೆಲ್ಲ ಬೇಡ. ಹೂಂ ಅನ್ನಿ, ಅಷ್ಟೇ. ಅಲ್ಲದಿದ್ರೆ ಮೂರೂವರೆ ಗಂಟೆ ಕಾಲ ಇನ್ನೆಲ್ಲಿಗೆ ಹೋಗ್ತಿದ್ರು ಅಂತ ನನಗೆ ಒಂದೇ ಯೋಚನೆ ಬರ್ತಿದೆ. ಆ ಯೋಚನೆ ಇಟ್ಕೊಂಡು ಇವತ್ತು ಪಿಂಡಕ್ಕೆ ಕೈ ಮುಗಿದೆ.”

ನನ್ನ ವಾಕ್ಯ ಬಾಯಿಗೆ ಬಂದಿತು. ಕಾರ್ನರ್ ಮನೆಯ ಸೊಸೆಯ ವಿಷಯದಲ್ಲಿ ಸರಾಗವಾಗಿ ಹೊರಡುತ್ತಿದ್ದ ಅದೇ ವಾಕ್ಯ. ಗರಾಜಿನಲ್ಲಿ ಅದನ್ನು ಹೇಳಿದಾಗ, ಬ್ಯಾಂಕಿಗೆ ಫೋನು ಮಾಡಿದರೆ ಕೇಳಿಸುವ ಯಂತ್ರದ ದನಿಯಂತೆ ನನಗೇ ಕೇಳಿಸಿತು. ಬಂದವರ ಬಗ್ಗೆಯೂ ಬಾರದವರ ಬಗ್ಗೆಯೂ ನಾನು ಇದನ್ನೇ ಹೇಳುತ್ತೇನೆ, ಇದರಿಂದ ನೀವು ಏನನ್ನೂ ತಿಳಿದುಕೊಳ್ಳಬೇಡಿ ಎಂದು ಸೇರಿಸಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ, ಹೆಂಡತಿಯಾದ್ದರಿಂದ ಅವರಿಗೆ ಕಾನೂನಿನಲ್ಲಿ ಒಂದು ದಾರಿಯಿದೆ, ವಕೀಲರ ಮೂಲಕ ಯಾವ ಕೌನ್ಸಿಲರನ್ನು ಬೇಕಾದರೂ ಕೇಳಬಹುದು, ಆಗ ಉತ್ತರ ಸಿಗುತ್ತದೆ ಎಂದೆ. ಒಳ್ಳೆಯದನ್ನೇ ಹೇಳುತ್ತಿದ್ದೇನೆ ಎಂಬ ನಂಬಿಕೆ ನನಗಿತ್ತು.

“ಹಾಗೆ ಕೇಳಿದ್ರೆ ನಿಜವಾದ ಉತ್ತರ ಬಂದುಬಿಡತ್ತಲ್ಲ,” ಎಂದರು ವೀಣಾ. ಫ್ರಿಜ್ಜು ಒಮ್ಮೆ ನಡುಗಿ ನಿಂತಿತು. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಬೇಡ ಬಿಡಿ. ನೀವು ಇಲ್ಲ ಅಂತ ಹೇಳ್ಲಿಲ್ಲ. ನನಗೆ ಅಷ್ಟು ಸಾಕು.”

ಅಷ್ಟು ಸಾಕಾಗಬಾರದು, ಅದರಲ್ಲಿ ಏನೂ ಇಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು. ನಾನು ಅವರ ಹಿಂದೆ ಒಳಗೆ ಹೋಗಿ ಕೈಯಲ್ಲಿದ್ದ ತಟ್ಟೆಯ ವಡೆ ಬಾಯಿಗಿಟ್ಟ ಕ್ಷಣಕ್ಕೆ, ಅವರು ಜನ ತುಂಬಿದ ನಡುಮನೆಯಲ್ಲಿ ನಾದಿನಿಗೆ ಹೇಳುತ್ತಿದ್ದರು: “ಕೌನ್ಸಿಲಿಂಗಿಗೆ ಹೋಗ್ತಿದ್ರಂತೆ ಕಣ್ರೀ. ಪ್ರತಿ ಗುರುವಾರ. ಇವ್ರ ಹತ್ರಾನೇ.” ಹತ್ತು ದಿನಗಳಲ್ಲಿ ಮೊದಲ ಬಾರಿಗೆ ಅವರ ಮುಖ ಸ್ವಲ್ಪ ಸಡಿಲವಾಗಿತ್ತು. ಇಡೀ ನಡುಮನೆ ನನ್ನ ಕಡೆ ತಿರುಗಿತು. ತಲೆ ಅಲ್ಲಾಡಿಸುವಂತಿಲ್ಲ, ಅಲ್ಲಾಡಿಸದಿರುವಂತೆಯೂ ಇಲ್ಲ. ವಡೆಯನ್ನು ನುಂಗಿದರೆ ಅದೂ ಒಂದು ಉತ್ತರವಾಗಿಬಿಡುತ್ತದೇನೋ ಎಂದು ಹೆದರಿ ಹಾಗೇ ಬಾಯಲ್ಲಿಟ್ಟುಕೊಂಡು ನಿಂತೆ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ನಾನು. ಫ್ರೀವೇ ಹತ್ತುವವರೆಗೆ ಚಿಕ್ಕಮ್ಮ ತಡೆದುಕೊಂಡರು.

“ಬರ್ತಿದ್ರೇನೆ?”

“ಹೇಳೋ ಹಾಗಿಲ್ಲ ಚಿಕ್ಕಮ್ಮ.”

“ನಾನೇನು ಹೊರಗಿನವಳಾ?”

“ಎಲ್ರಿಗೂ ಅದೇ.”

“ಅಯ್ಯೋ ನಿನ್ನ! ಜನ ಏನಂತಿದಾರೆ ಗೊತ್ತಾ? ಆ ಹುಡುಗಿ ಹತ್ರ ಹೋದ, ನೋಡಿ ಹೀಗಾಯ್ತು ಅಂತಿದಾರೆ. ಮಗಳನ್ನ ಕಳಿಸ್ತೀನಿ ಅಂದಿದ್ರಲ್ಲ ಒಬ್ರು, ಚಪ್ಪಲಿ ಹಾಕ್ಕೊಳ್ತಾನೇ ಸದ್ಯಕ್ಕೆ ಬೇಡ ಅಂದ್ರು. ಬರ್ತಿರ್ಲಿಲ್ಲ ಅಂತ ಒಂದೇ ಒಂದು ಮಾತು ಹೇಳು. ವಾಟ್ಸಾಪ್ ಗ್ರೂಪಲ್ಲಿ ನಾನು ಹಾಕ್ತೀನಿ, ನಿನ್ನ ಹೆಸರೇ ಬರಲ್ಲ.” ಟೈಪು ಮಾಡಿ ಸಿದ್ಧವಾಗಿಟ್ಟುಕೊಂಡಿದ್ದರು. ಬೆರಳು ಗುಂಡಿಯ ಮೇಲೆಯೇ ಇತ್ತು.

ಒಂದು ಮಾತು. ಅದನ್ನು ಹೇಳಿದರೆ ನನ್ನ ಕೋಣೆ ಉಳಿಯುತ್ತದೆ, ವೀಣಾ ಅವರ ಗುರುವಾರದ ಸಮಾಧಾನ ಹೋಗುತ್ತದೆ. ಹೇಳದಿದ್ದರೆ ಜನರ ಕಣ್ಣಿಗೆ ನಾನು, ಎದುರಿಗೆ ಕೂತವರ ಎದೆಯಲ್ಲಿ ಏನಾಗುತ್ತಿದೆ ಎಂದು ವಾರಕ್ಕೊಮ್ಮೆ ಕೇಳಿಯೂ ಏನೂ ತಿಳಿಯದವಳು. ಆ ಮಾತು ನಿಜವೋ ಸುಳ್ಳೋ ಎಂಬುದು ನಿಮಗೆ ತಿಳಿದಿದ್ದರೆ ನನ್ನ ಮೇಲೆ ಇನ್ನಷ್ಟು ಕನಿಕರವೋ ಇನ್ನಷ್ಟು ಸಿಟ್ಟೋ ಬರುತ್ತಿತ್ತು. ಎರಡಕ್ಕೂ ನಾನು ಅವಕಾಶ ಕೊಡುವ ಹಾಗಿಲ್ಲ. “ಡಿಲೀಟ್ ಮಾಡಿಬಿಡಿ ಚಿಕ್ಕಮ್ಮ,” ಎಂದೆ.

ಅವರು ಫೋನನ್ನು ತೊಡೆಯ ಮೇಲೆ ಬೋರಲಾಗಿಟ್ಟರು. ಮನೆಯ ತಿರುವು ಬಂದಾಗ, ಕಿಟಕಿಯ ಹೊರಗೆ ನೋಡುತ್ತಲೇ, “ನಿಮ್ಮ ಚಿಕ್ಕಪ್ಪನೂ ಆಫೀಸಿಂದ ಬಂದು ಮನೆ ಮುಂದೆ ಕಾರಲ್ಲೇ ಅರ್ಧ ಗಂಟೆ ಕೂತಿರ್ತಾರೆ. ಕಿಚನ್ ಕಿಟಕಿಯಿಂದ ಕಾಣ್ಸತ್ತೆ. ಏನು ಅಂತ ನಾನು ಕೇಳಿಲ್ಲ” ಎಂದರು. ಆಮೇಲೆ ಫೋನಿನಲ್ಲಿದ್ದುದನ್ನು ಅಳಿಸಿದರು.

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆರೆಯುತ್ತಿದ್ದಂತೆ ಫೋನು ಬಂದಿತು. ಹೆಂಗಸಿನ ದನಿ. ಹೆಸರು ಹೇಳಲಿಲ್ಲ. ಮುಂದೆ ಅವರು ಬಂದರೋ ಇಲ್ಲವೋ ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ.

“ಶ್ರೀಧರ್ ಅವರ ಮಿಸೆಸ್ಸು ಅಷ್ಟು ಅತ್ಕೊಂಡು ಕೇಳಿದ್ರೂ ನೀವು ಬಾಯಿ ಬಿಡ್ಲಿಲ್ಲವಂತೆ. ಅವರೇ ಆಮೇಲೆ ಹೇಳಿದ್ರಂತೆ. ನಿಜಾನಾ?”

ನಿಜವೆಂದರೂ ಕಷ್ಟ, ಸುಳ್ಳೆಂದರೂ ಕಷ್ಟ. “ಯಾರ ವಿಷಯಾನೂ ನಾನು ಹೇಳಲ್ಲ,” ಎಂದೆ.

“ನನ್ನ ಗಂಡ ಕೇಳಿದ್ರೆ?”

“ಹೇಳಲ್ಲ.”

“ನಾನು ಸತ್ತುಹೋದ್ಮೇಲೆ ಕೇಳಿದ್ರೆ?”

ಇಂಥ ಪ್ರಶ್ನೆ ಬಂದಾಗ ಮೊದಲು ಕೇಳಬೇಕಾದ್ದನ್ನು ಕೇಳಿದೆ. “ಸಾಯಬೇಕು ಅಂತ ಅನ್ನಿಸ್ತಿದೆಯಾ?”

“ಅಯ್ಯೋ, ಇಲ್ಲಮ್ಮ. ರೂಲ್ಸು ಕೇಳ್ದೆ ಅಷ್ಟೇ. ಕಾರ್ ತಗೊಳ್ಳೋವಾಗ್ಲೂ ನಾನು ಎಲ್ಲಾ ಕೇಳೇ ತಗೊಳ್ಳೋದು.” ಆ ಕಡೆ ಬಾಗಿಲೊಂದನ್ನು ಮುಚ್ಚಿದ ಸದ್ದಾಯಿತು. “ಇಪ್ಪತ್ತು ವರ್ಷದಿಂದ ಯಾರಿಗೂ ಹೇಳದೇ ಇರೋದು ಒಂದಿದೆ. ಸೋಮವಾರ ಬರ್ಲಾ?”

ಸೋಮವಾರ ಬೆಳಗಿನಿಂದ ಸಂಜೆಯವರೆಗೆ ಬಟಾಬಯಲಾಗಿತ್ತು. ನನ್ನ ಕ್ಯಾಲೆಂಡರು ಇರುವುದು ಕಂಪ್ಯೂಟರಿನಲ್ಲಿ. ಆದರೂ, ಒಬ್ಬ ವಿಧವೆಯ ಮುಂದೆ ಒಂದು ಸುಳ್ಳಿಗೂ ಒಂದು ನಿಜಕ್ಕೂ ಬಾಯಿ ತೆರೆಯದೆ ಬಂದಿದ್ದ ನಾನು, ಅಂಚೆಯಲ್ಲಿ ಬಂದಿದ್ದ ರಿಯಾಯಿತಿ ದರದ ಜಾಹೀರಾತಿನ ಪುಸ್ತಿಕೆಯನ್ನು ಫೋನಿನ ಹತ್ತಿರ ಹಿಡಿದು ನಾಲ್ಕು ಹಾಳೆ ಸದ್ದಾಗುವಂತೆ ಮಗುಚಿ, “ಸೋಮವಾರ ಸ್ವಲ್ಪ ಟೈಟಿದೆ… ಇರಿ, ಹತ್ತೂವರೆಗೆ ಹೇಗಾದ್ರೂ ಮಾಡ್ಕೊಡ್ತೀನಿ,” ಎಂದೆ.