ಕಣ್ಣಿಗೊಂದು ಇಮೆ, ತಾರೀಖಿಗೊಂದು ಸಾಕ್ಷಿ

ತಾರೀಖುಗಳ ವಿಷಯದಲ್ಲಿ ನಾನು ಯಾರನ್ನೂ ನಂಬುವವನಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ವಧೂವರರ ಹೆಸರು ಓದುವ ಮೊದಲು ಪಂಚಾಂಗ ತೆರೆದು, ತಿಥಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುತ್ತೇನೆ. ಆಗದಿದ್ದರೆ ಕರೆದವರಿಗೆ ಒಂದು ಕಾರ್ಡು ಬರೆಯುತ್ತೇನೆ. ಈ ಕಾರಣದಿಂದಲೇ ನಮ್ಮ ಮನೆಗೆ ಬರುವ ಕರೆಯೋಲೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿವೆ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಅದಕ್ಕೆ ಅವಳು ಈವರೆಗೆ ಆಧಾರ ಒದಗಿಸಿಲ್ಲ. ಹಳೆಯ ಕಾಗದಪತ್ರಗಳನ್ನು ಓದುವುದರಲ್ಲೇ ಸೇವೆಯನ್ನೆಲ್ಲ ಕಳೆದು ನಿವೃತ್ತನಾದವನಿಗೆ ಇಂಥ ಅಭ್ಯಾಸ ಸಹಜವಾದುದು. ನಿವೃತ್ತಿಗೆ ಸ್ವಲ್ಪ ಮೊದಲು ನಾನು ಸಾಧಿಸಿದ ದೊಡ್ಡ ಕಾರ್ಯವೆಂದರೆ, ರಾಯಬಾಗದ ಒಂದು ಮನೆತನದ ಮರಾಠಿ ಕಾಗದದಲ್ಲಿ ಹಿರಿಯ ವಿದ್ವಾಂಸರೊಬ್ಬರು ‘ಒಂದು’ ಎಂದು ಓದಿದ್ದ ಅಂಕಿಯನ್ನು ‘ಒಂಬತ್ತು’ ಎಂದು ತಿದ್ದಿ ದೀರ್ಘವಾದ ಲೇಖನ ಬರೆದದ್ದು. ಮರಾಠಿಯಲ್ಲಿ ಒಂದಕ್ಕೂ ಒಂಬತ್ತಕ್ಕೂ ನಡುವೆ ಇರುವುದು ಒಂದು ಪುಟ್ಟ ಕೊಕ್ಕೆ ಮಾತ್ರ. ಆ ಕೊಕ್ಕೆಯನ್ನು ಅವರು ಕಾಣಲಿಲ್ಲ, ನಾನು ಕಂಡೆ. ಅವರು ಉತ್ತರ ಬರೆಯಲಿಲ್ಲ. ಅವರ ಮೌನವನ್ನು ನಾನು ನನ್ನ ಪರವಾದ ಪುರಾವೆಯೆಂದು ಎಣಿಸಿಕೊಂಡೆ.

ಇಷ್ಟೆಲ್ಲ ಪರೀಕ್ಷೆ ಮಾಡುವ ನಾನು ಒಂದೇ ಒಂದು ಸಾಧನವನ್ನು ಪರೀಕ್ಷೆಗೆ ಒಳಪಡಿಸಿರಲಿಲ್ಲ. ಅದು ನನ್ನ ಕಣ್ಣು. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಚಾಳೀಸ ಎಂದರೆ ನಲವತ್ತು. ಹೆಸರಿನಲ್ಲೇ ಕಾಲವನ್ನು ನಮೂದಿಸಿಕೊಂಡಿರುವ ವಸ್ತು ಲೋಕದಲ್ಲಿ ಅಪರೂಪ. ಆ ಗೌರವದಿಂದಲೋ ಏನೋ, ನಲವತ್ತರಲ್ಲಿ ಕೊಂಡ ಚಾಳೀಸನ್ನು ನಾನು ಅರವತ್ತು ದಾಟಿದರೂ ಬದಲಿಸಿರಲಿಲ್ಲ.

ನಮ್ಮ ಓಣಿಯಲ್ಲಿ ಕೃಷ್ಣಾಬಾಯಿ ಎಂಬವರಿದ್ದಾರೆ. ಕೌದಿ ಹೊಲಿಯುವುದರಲ್ಲಿ ಚಿಕ್ಕೋಡಿಯಲ್ಲೇ ಹೆಸರಾದವರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಅಂಚಿನಿಂದ ನಡುವಿನವರೆಗೆ ಅವರು ಹಾಕುವ ಹೊಲಿಗೆ, ಒಳ್ಳೆಯ ಲಿಪಿಕಾರನ ಸಾಲಿನಂತೆ ಎಲ್ಲೂ ಡೊಂಕಾಗದು. ಆದರೆ ನಾನು ಹೇಳುತ್ತಿರುವ ಕಾಲಕ್ಕೆ ಕೈ ಸರಿಯಿದ್ದು ಕಣ್ಣು ಕೈಕೊಟ್ಟಿತ್ತು. ಸೂಜಿಗೆ ದಾರ ಪೋಣಿಸಲಾಗದೆ, ದಿನವೂ ಬೆಳಿಗ್ಗೆ ಐದಾರು ಸೂಜಿ ತಂದು ನನ್ನ ಹೆಂಡತಿಯಿಂದ ಪೋಣಿಸಿಕೊಂಡು, ಅವನ್ನು ಒಂದು ಅರಿವೆಯ ತುಣುಕಿಗೆ ಚುಚ್ಚಿಕೊಂಡು ಹೋಗುತ್ತಿದ್ದರು. ಆರನೆಯ ಸೂಜಿಯ ದಾರ ಮುಗಿದಲ್ಲಿಗೆ ಆ ದಿನದ ಕೆಲಸವೂ ಮುಗಿಯುತ್ತಿತ್ತು. ನಿಪ್ಪಾಣಿಯಲ್ಲಿದ್ದ ಅವರ ಮೊಮ್ಮಗಳು ಚೊಚ್ಚಲ ಬಸುರಿ. ತೊಟ್ಟಿಲಿಗೆ ಹಾಸುವ ಕೌದಿ ಅರ್ಧಕ್ಕೆ ನಿಂತಿತ್ತು. ಕೂಸು ಕೌದಿಗಾಗಿ ಕಾಯುವ ಹಾಗಿರಲಿಲ್ಲ.

ಒಂದು ದಿನ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. “ಏನ್ರೀ, ಇವತ್ತ ನೀವ ಪೋಣಿಸಿ ಕೊಡ್ರಿ. ನನ್ನ ಕೈ ಹಿಟ್ಟಾಗೈತಿ” ಎಂದಳು. ನಾನು ಕಿಟಕಿಯ ಬೆಳಕಿಗೆ ಹೋಗಿ ನಿಂತು ಬಹಳ ಹೊತ್ತು ಶ್ರಮಿಸಿದೆ. ಈಚೆಗೆ ದಾರದ ಗುಣ ಕೆಟ್ಟಿದೆಯೆಂದೂ ಎಳೆಗಳು ಬಿಚ್ಚಿಕೊಂಡು ಒಂದು ಎರಡಾಗುತ್ತದೆಯೆಂದೂ ವಿವರಿಸಿದೆ. ಕೃಷ್ಣಾಬಾಯಿ ಸೂಜಿಯನ್ನು ಬೆರಳಿನಿಂದ ಮುಟ್ಟಿ ನೋಡಿ ಅಂದರು: “ಸರ, ಸೂಜಿ ಕಣ್ಣ ಆ ಕಡಿ ಐತ್ರಿ. ನೀವ ಚೂಪಿನ ಕಡಿ ಪೋಣಸಾಕತ್ತೀರಿ.”

ಅದೇ ದಿನಗಳಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಒಂದು ಹೊಸ ಸೌಲಭ್ಯ ಬಂತು. ಎಂಬತ್ತರ ದಶಕದ ನಡುಭಾಗವೆಂದಷ್ಟೇ ಹೇಳುತ್ತೇನೆ. ನನ್ನ ದಿನಚರಿಯೂ ಆಸ್ಪತ್ರೆಯ ಕಾಗದವೂ ಇಸವಿಯ ಬಗ್ಗೆ ಒಮ್ಮತಕ್ಕೆ ಬರುತ್ತಿಲ್ಲವಾದ್ದರಿಂದ ಹೆಚ್ಚು ಹೇಳುವುದು ಶಾಸ್ತ್ರೀಯವಾಗದು. ಅರವತ್ತು ತುಂಬಿದವರಿಗೆ ವರ್ಷಕ್ಕೊಮ್ಮೆ, ಮೂರು ದಿನ, ಸರಕಾರದ ಖರ್ಚಿನಲ್ಲೇ ಕಣ್ಣಿನ ತಪಾಸಣೆ, ಬೇಕಾದವರಿಗೆ ಚಾಳೀಸು. ಕಾಗದದಲ್ಲಿ ಇದನ್ನು ವಿಮೆಯೆಂದು ಕರೆದಿದ್ದರು. ಜನರ ಬಾಯಲ್ಲಿ ಅದು ‘ಕಣ್ಣಿನ ಇಮೆ’ ಆಯಿತು. ವಿಚಾರ ಇಚಾರವಾಗುವ ನಾಡಿನಲ್ಲಿ ವಿಮೆ ಇಮೆಯಾದದ್ದು ನಿಯಮಬದ್ಧವೇ. ಮೇಲಾಗಿ ಕಣ್ಣನ್ನು ಎಲ್ಲರಿಗಿಂತ ಮೊದಲು ಕಾಯುವುದು ರೆಪ್ಪೆ, ಅಂದರೆ ಇಮೆ. ಹೀಗಾಗಿ ಸರಕಾರದ ಶಬ್ದಕ್ಕಿಂತ ಜನರ ಶಬ್ದವೇ ಅರ್ಥಪೂರ್ಣವೆಂದು ಒಂದು ಟಿಪ್ಪಣಿ ಬರೆದು ಪತ್ರಿಕೆಗೆ ಕಳಿಸಿದ್ದೆ. ಅದು ಹಿಂದಿರುಗಿತು.

ತೊಡಕಿದ್ದದ್ದು ಅರವತ್ತು ತುಂಬಿದೆಯೆಂದು ಸಾಬೀತುಪಡಿಸುವುದರಲ್ಲಿ. ಆಸ್ಪತ್ರೆಯ ಗುಮಾಸ್ತ ಬಾಳಾಸಾಹೇಬ ಮನೆಗೇ ಬಂದು, “ಸರ, ತಾರೀಖಂದ್ರ ನೀವಽ. ಮೂರ ದಿನಾ ನಮ್ಮ ಟೇಬಲ್ಲಿಗೆ ಕುಂಡರ್ರಿ” ಎಂದು ಕೇಳಿಕೊಂಡ. ನಿವೃತ್ತನಾದ ಮೇಲೆ ಯಾರೂ ನನ್ನ ಬಳಿ ತಾರೀಖು ಕೇಳಿರಲಿಲ್ಲ. ಒಪ್ಪಿಕೊಂಡೆ.

ಮೊದಲ ದಿನ ಒಂದು ವಿಚಿತ್ರ ಸಂಗತಿ ಬೆಳಕಿಗೆ ಬಂತು. ಶಾಲೆಯ ದಾಖಲಾ, ಅಂದರೆ ಶಾಲೆ ಬಿಟ್ಟ ಪ್ರಮಾಣಪತ್ರ, ತಂದವರೆಲ್ಲರೂ ಜೂನ್ ಒಂದರಂದೇ ಹುಟ್ಟಿದವರು. ಆ ದಿನ ಚಿಕ್ಕೋಡಿ ತಾಲೂಕಿನ ಸೂಲಗಿತ್ತಿಯರು ಉಸಿರಾಡಿದ್ದಾದರೂ ಹೇಗೆ ಎಂದು ಬೆರಗಾಗಬೇಕು. ರಹಸ್ಯ ಎಲ್ಲರಿಗೂ ತಿಳಿದದ್ದೇ: ಮಗುವನ್ನು ಶಾಲೆಗೆ ಕರೆತಂದ ತಂದೆಗೆ ಹುಟ್ಟಿದ ದಿನ ಗೊತ್ತಿರುತ್ತಿರಲಿಲ್ಲ, ಮಾಸ್ತರರು ಮುಖ ನೋಡಿ ಇಸವಿಯನ್ನೂ, ಶಾಲೆ ತೆರೆಯುವ ಕಾಲ ನೋಡಿ ತಾರೀಖನ್ನೂ ದಯಪಾಲಿಸುತ್ತಿದ್ದರು. ಇಂಥ ತಾರೀಖನ್ನು ಒಪ್ಪುವುದು ಹೇಗೆ? ಜೂನ್ ಒಂದರ ದಾಖಲಾ ತಂದವರು ತಮಗಿಂತ ಹಿರಿಯರಾದ ಒಬ್ಬ ಸಾಕ್ಷಿಯನ್ನೂ ತರತಕ್ಕದ್ದೆಂದು ನಾನು ನಿಯಮ ಬರೆದು ಗೋಡೆಗೆ ಅಂಟಿಸಿದೆ. ದಾಖಲೆಯೇ ಇಲ್ಲದವರು ಘಟನೆ ಹೇಳಬೇಕು. ಉಗಾರದ ಸಕ್ಕರೆ ಕಾರ್ಖಾನೆಯ ಚಿಮಣಿ ಏಳುವಾಗ ತಾನು ದನ ಕಾಯುತ್ತಿದ್ದೆನೆಂದು ಒಬ್ಬರೆಂದರೆ, ದನಗಳು ಎಷ್ಟಿದ್ದವು, ಎಷ್ಟು ದನಕ್ಕೆ ಎಷ್ಟು ವಯಸ್ಸಿನ ಹುಡುಗ ಬೇಕು ಎಂದು ನಾನು ವಿಚಾರಿಸುತ್ತಿದ್ದೆ. ಮಗಳ ಮನೆಗೆ ಬಂದಿದ್ದ ತೆಲಸಂಗದ ಮುದುಕರೊಬ್ಬರು ಮಾತ್ರ ನೇರವಾಗಿ, “ಹುಟ್ಟಿದ ದಿನಾ ನನಗ ಹೆಂಗ ನೆನಪಿರತೈತ್ರಿ? ಆಗ ನಾ ಭಾಳ ಸಣ್ಣಾಂವ ಇದ್ನಿ” ಎಂದರು. ಆ ದಿನ ಹೇಳಿದವರಲ್ಲಿ ಅವರದೊಂದೇ ಮಾತು ನಿರ್ವಿವಾದವಾಗಿತ್ತು.

ಎರಡನೆಯ ದಿನ ಮಧ್ಯಾಹ್ನ ಕೃಷ್ಣಾಬಾಯಿ ಬಂದರು. ಹುಡುಗಿಯಾಗಿದ್ದಾಗ ನಿಪ್ಪಾಣಿ ಕಡೆಯ ತವರಿನಲ್ಲಿ ಕೆಲವು ದಿನ ಮರಾಠಿ ಶಾಲೆಗೆ ಹೋಗಿದ್ದರಂತೆ. ಮಗ ಅಲ್ಲಿಗೆ ಹೋಗಿ ದಾಖಲಾ ಬರೆಸಿಕೊಂಡು ಬಂದಿದ್ದ. ಕಾಗದ ನೋಡಿ ನನಗೆ ರೋಮಾಂಚವಾಯಿತು. ಜನ್ಮದಿನ ಜೂನ್ ಒಂಬತ್ತು! ಎರಡು ದಿನಗಳಲ್ಲಿ ನಾನು ಕಂಡ ಒಂದೇ ಒಂದು ಸತ್ಯವಾದ ತಾರೀಖು. ಇಷ್ಟು ಖಚಿತವಾದ ದಾಖಲೆಯಲ್ಲಿ ಇಸವಿಯೂ ಖಚಿತವೇ ಇರಬೇಕು. ಅದರ ಕೊನೆಯ ಅಂಕಿಯೂ ಒಂಬತ್ತು. ಇಸವಿಯ ಮೊದಲ ಅಂಕಿಯೂ ಒಂಬತ್ತರಂತೆಯೇ ಕಂಡಿತು. ಅದು ಬರೆದವರ ಕೈದೋಷವೆಂದು ಮನಸ್ಸಿನಲ್ಲೇ ತಿದ್ದಿಕೊಂಡು ಕೂಡಿ ಕಳೆದು ನೋಡಿದೆ. ಐವತ್ತಾರು ಬಂತು.

“ಕೃಷ್ಣಾಬಾಯಿ, ನಿಮಗಿನ್ನೂ ನಾಲ್ಕು ವರ್ಷ ಕಡಿಮಿ ಬೀಳತೈತ್ರಿ” ಎಂದೆ.

“ಅಲ್ರಿ ಸರ, ನಾ ಈ ಓಣಿಗಿ ಸೊಸಿಯಾಗಿ ಬಂದಾಗ ನೀವ ಚಡ್ಡಿ ಹಾಕ್ಕೊಂಡ ಗೋಲಿ ಆಡತಿದ್ರಿ. ನಾನಽ ನಿಮಗ ಬುಂದೆ ಉಂಡಿ ಕೊಟ್ಟೇನಿ. ನೆನಪಿಲ್ಲೇನ್ರಿ?”

ಉಂಡೆ ನೆನಪಿತ್ತು. ಆದರೆ ಲಿಖಿತ ಆಧಾರದ ಎದುರು ನೆನಪು ನಿಲ್ಲದು. ಇದು ನಮ್ಮ ಶಾಸ್ತ್ರದ ಮೊದಲ ಪಾಠ. ಹಾಗೆಂದು ತಿಳಿಸಿದೆ.

“ಹಂಗಾದ್ರ ನನ್ನ ಮಗಗ ನಲವತ್ತೈದಾತು. ನಾ ಹನ್ನೊಂದನೇ ವರ್ಷಕ್ಕ ಹಡದೇನೇನ್ರಿ?”

“ಮಗನ ದಾಖಲಾ ಐತೇನು?”

“ಐತಿ. ಜೂನ್ ಒಂದು.”

“ಅದು ನಡಿಯೂದಿಲ್ಲರಿ” ಎಂದೆ.

ಅವರು ನನ್ನ ಕಡೆ ನೋಡಿದರು. ನನ್ನನ್ನೋ, ನನ್ನ ಹಿಂದಿದ್ದ ಗೋಡೆಯನ್ನೋ ತಿಳಿಯಲಿಲ್ಲ. “ಆಗಲಿ ಬಿಡ್ರಿ. ನಾಕ ವರ್ಷ ಬಿಟ್ಟ ಬರ್ತೀನಿ. ಕೂಸಿಗಿ ಅಲ್ಲೀತನಾ ಹೊರಸಿನ ಮ್ಯಾಲ ಹಂಗಽ ಮಲಗಂತ ಹೇಳ್ತೀನಿ” ಎಂದು ಎದ್ದು ಹೋದರು. ಆ ಕಾಗದ ಅಪೂರ್ವವಾದುದರಿಂದ ನಕಲು ಮಾಡಿಕೊಳ್ಳಲು ನಾನು ಮನೆಗೆ ತಂದೆ. ನನ್ನ ಲೆಕ್ಕದಂತೆ ಕೃಷ್ಣಾಬಾಯಿ ನನಗಿಂತ ಐದು ವರ್ಷ ಚಿಕ್ಕವರಾಗಿದ್ದರು. ಇದು ನನ್ನ ಗಮನಕ್ಕೆ ಬಂದಿತ್ತು, ಆದರೆ ಬಾಧಿಸಲಿಲ್ಲ. ಇಂಥ ಅಸಂಗತಿಗಳಿಗೆ ಅಡಿಟಿಪ್ಪಣಿಯಲ್ಲಿ ಜಾಗವಿರುತ್ತದೆ.

ಮರುದಿನ ಬೆಳಿಗ್ಗೆ ಸೂಜಿಗಳು ಬರಲಿಲ್ಲ. ಹೆಂಡತಿ ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದಳು. ಬಳಿಕ ನಾನು ನಕಲು ಮಾಡುತ್ತಿದ್ದ ಕಾಗದದ ಮೇಲೆ ಬಗ್ಗಿದಳು. ಅವಳು ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು.

“ಇದೇನ್ರಿ, ಒಂಬತ್ತಂತ ಬರದೀರಿ?”

“ಒಂಬತ್ತೇ ಐತಿ.”

“ಎಲ್ಲೈತಿ? ಒಂದ ಐತಿ. ಇದೂ ಒಂದು, ಇದೂ ಒಂದು.”

“ಕೊಕ್ಕೆ ನೋಡು.”

“ಎಲ್ಲೈತಿ ಕೊಕ್ಕಿ? ನಿಮ್ಮ ಕಣ್ಣಾಗ ಐತಿ.”

ವಾದಕ್ಕೆ ನಿಲ್ಲದೆ ನಾನು ಭೂತಗನ್ನಡಿ ತೆಗೆದೆ. ಅದರ ಕೆಳಗೆ ಕೊಕ್ಕೆ ಕರಗಿ ಹೋಯಿತು. ಅದನ್ನು ಎತ್ತಿದರೆ ಮತ್ತೆ ಬಂತು. ಎಡಗಣ್ಣು ಮುಚ್ಚಿದರೆ ಹೋಯಿತು, ತೆರೆದರೆ ಬಂತು. ಜೂನ್ ಒಂಬತ್ತು ನೋಡುತ್ತಿದ್ದಂತೆಯೇ ಜೂನ್ ಒಂದಾಯಿತು. ಕೃಷ್ಣಾಬಾಯಿ ಐವತ್ತಾರರಿಂದ ಅರವತ್ನಾಲ್ಕಕ್ಕೆ ಏರಿದರು. ತಾಲೂಕಿನ ಒಂದೇ ಒಂದು ಸತ್ಯವಾದ ತಾರೀಖು ಉಳಿದವುಗಳ ಸಾಲಿಗೆ ಸೇರಿತು. ಅಂದು ತಪಾಸಣೆಯ ಕೊನೆಯ ದಿನ.

ಕೃಷ್ಣಾಬಾಯಿಯ ಬಾಗಿಲಿಗೆ ಹೋಗಿ, ಪಾಠದೋಷವಾಗಿದೆಯೆಂದೂ ಅದನ್ನು ತಿದ್ದಲಾಗಿದೆಯೆಂದೂ ತಿಳಿಸಿದೆ. ಅವರು ನನ್ನ ಹಿಂದೆ ನಿಂತಿದ್ದ ಹೆಂಡತಿಯನ್ನು ಕೇಳಿದರು: “ವೈನಿ, ಇವರು ಏನಂತಾರ?” ಅವಳೆಂದಳು: “ತಪ್ಪಾಗೇತಿ ಅಂತಾರ್ರಿ.” ಅನುವಾದ ಮೂಲಕ್ಕಿಂತ ಚಿಕ್ಕದಾಗಿತ್ತು.

ಆಸ್ಪತ್ರೆಯಲ್ಲಿ ಅವರ ಪಾಳಿ ಬಂತು. ಜೂನ್ ಒಂದರವರಾದ್ದರಿಂದ ಸಾಕ್ಷಿ ಬೇಕಿತ್ತು. ತೆಲಸಂಗದ ಮುದುಕರು ತಮ್ಮ ಚಾಳೀಸು ಒಯ್ಯಲು ಬಂದಿದ್ದವರು, “ನಾ ಹಿರ್ಯಾ ಅದೇನಿ, ಬರಕೋರಿ” ಎಂದು ಹೆಬ್ಬೆಟ್ಟು ಒತ್ತಿದರು. ಅಕ್ಷರ ಬಾರದವರಿಗಾಗಿ ಗೋಡೆಯ ಮೇಲೆ ಮೂರು ಗೆರೆಯ ಗುರುತುಗಳ ಹಾಳೆಯಿತ್ತು. ಡಾಕ್ಟರರು ಒಂದೊಂದೇ ಗಾಜು ಹಾಕಿ ಕೇಳುತ್ತಿದ್ದರು, ಕೃಷ್ಣಾಬಾಯಿ, “ಬಾಚಣಿಗಿ ಹಲ್ಲ ಮ್ಯಾಲ ಮಾಡೈತ್ರಿ... ಇದು ಈ ಕಡಿ... ಇದು ಕೆಳಗ” ಎನ್ನುತ್ತ ಸಾಲು ಸಾಲಾಗಿ ಇಳಿದರು. ಕೊನೆಗೆ ತಾವೇ ಸೆರಗಿನ ಗಂಟಿನಿಂದ ಸೂಜಿ ದಾರ ತೆಗೆದು ಒಂದೇ ಏಟಿಗೆ ಪೋಣಿಸಿದರು. ಡಾಕ್ಟರರು ಆ ನಂಬರನ್ನೇ ಬರೆದುಕೊಂಡರು. ಹಾಳೆಗಿಂತ ಅದು ಉತ್ತಮ ಪ್ರಮಾಣವಾಗಿತ್ತು.

ಏಳುವಾಗ ಕೃಷ್ಣಾಬಾಯಿ ಹೇಳಿದರು: “ಸರ್ದೂ ಒಂಚೂರ ನೋಡ್ರಿ. ಸೂಜಿ ಚೂಪಿಗೆ ದಾರ ಪೋಣಸ್ತಾರ.”

ಬಾಳಾಸಾಹೇಬ ವಹಿಯನ್ನು ತನ್ನ ಕಡೆ ತಿರುಗಿಸಿಕೊಂಡ. “ಸರ, ನಿಮ್ಮ ಹುಟ್ಟಿದ ತಾರೀಖು?”

“ಜೂನ್ ಒಂದು” ಎಂದೆ.

ಅವನು ಗೋಡೆಗೆ ಅಂಟಿಸಿದ್ದ ನಿಯಮದ ಕಡೆ ಬೆರಳು ತೋರಿಸಿದ. ದೂರದಿಂದ ಅದು ನನಗೆ ಓದಲಾಗಲಿಲ್ಲ. ಆದರೆ ಬರೆದವನು ನಾನೇ ಆದ್ದರಿಂದ ಓದುವ ಅಗತ್ಯವಿರಲಿಲ್ಲ. ಕೃಷ್ಣಾಬಾಯಿ ಮತ್ತೆ ಕುಳಿತರು. “ನಾ ಅದೇನಲ್ಲೋ ತಮ್ಮಾ. ನಾ ಲಗ್ನಾಗಿ ಬಂದಾಗ ಇವರು ಹನ್ನೆರಡ ಹದಿಮೂರ ವರ್ಷದ ಹುಡುಗಾ. ಬುಂದೆ ಉಂಡಿ ಎರಡ ಇಸಕೊಂಡ, ಒಂದ ಅಂತ ಸುಳ್ಳ ಹೇಳ್ಯಾರ. ಬರಕೋ.” ಬಾಳಾಸಾಹೇಬ ‘ವಯಸ್ಸಿಗೆ ಆಧಾರ’ ಎಂಬ ಅಂಕಣದಲ್ಲಿ ‘ಕೃಷ್ಣಾಬಾಯಿಯ ನೆನಪು’ ಎಂದು ಬರೆದ. ನಾನು ಆಕ್ಷೇಪಿಸಲಿಲ್ಲ. ಉಂಡೆ ನಿಜವಾಗಿಯೂ ಎರಡೇ ಇದ್ದವು.

ಎಡಗಣ್ಣಿನಲ್ಲಿ ಮೋತಿಬಿಂದು, ಅಂದರೆ ಪೊರೆ, ಶುರುವಾಗಿದೆ, ಬಲಿಯಲು ಕಾಲವಿದೆ, ಅಲ್ಲಿಯವರೆಗೆ ಗೆರೆಗಳಿಗೆ ನೆರಳು ಕಂಡೀತು ಎಂದರು ಡಾಕ್ಟರರು. ಎಷ್ಟು ವರ್ಷದಿಂದ ಹೀಗಿದೆಯೆಂದು ಕೇಳಿದರು. ಜೀವನದಲ್ಲಿ ಮೊದಲ ಬಾರಿಗೆ ತಾರೀಖು ಹೇಳಲು ನನಗೆ ಇಷ್ಟವಾಗಲಿಲ್ಲ.

ತೊಟ್ಟಿಲ ಕೌದಿ ಕೂಸಿಗಿಂತ ನಾಲ್ಕು ದಿನ ಮೊದಲು ಮುಗಿಯಿತು. ನಮ್ಮ ಮನೆಯ ಸೂಜಿಗಳನ್ನು ಈಗ ಕೃಷ್ಣಾಬಾಯಿಯೇ ಪೋಣಿಸಿ ಕಳಿಸುತ್ತಾರೆ. ನನಗೂ ಹೊಸ ಚಾಳೀಸು ಬಂದಿದೆ. ಬಲಗಣ್ಣು ಚೆನ್ನಾಗಿ ಕಾಣುತ್ತದೆ. ಅದೊಂದರಿಂದಲೇ ನೋಡಿದರೆ ಒಂದಕ್ಕೆ ಕೊಕ್ಕೆಯಿಲ್ಲ. ನಾನು ‘ಒಂಬತ್ತು’ ಎಂದು ತಿದ್ದಿದ ರಾಯಬಾಗದ ಆ ಕಾಗದ ಆ ಮನೆಯಲ್ಲಿ ಭದ್ರವಾಗಿದೆ, ಯಾವಾಗ ಬೇಕಾದರೂ ಬಂದು ನೋಡಬಹುದೆಂದು ಮನೆಯವರು ಹೇಳಿದ್ದಾರೆ. ದಿನವೂ ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿನವರೆಗೆ ತಿರುಗಾಡಲು ಹೋಗುತ್ತೇನೆ. ರಾಯಬಾಗದ ಬಸ್ಸಿನ ಬೋರ್ಡು ಈಗ ಬಹಳ ದೂರದಿಂದಲೇ ಸ್ಪಷ್ಟವಾಗಿ ಕಾಣುತ್ತದೆ. ಅದು ಹೊರಟುಹೋಗುವವರೆಗೆ ನಿಂತು ನೋಡಿ, ಮನೆಗೆ ಬರುತ್ತೇನೆ.